ಅವರಿಗಿಷ್ಟದ ಬ್ಯಾಂಡ್

ಮದುವೆಯಾದ ಹೊಸದರಲ್ಲಿ ಆ ಪ್ರೋಗ್ರೆಸ್ಸಿವ್ ಮೆಟಲ್ ಬ್ಯಾಂಡಿನ ಹಾಡು ಕೇಳಿದರೆ ನನಗೆ ತಲೆ ಸಿಡಿಯುತ್ತಿತ್ತು. ಹೆಣ್ಣು ನೋಡಲು ಬಂದ ದಿನವೇ ಅವರು ಅದನ್ನು ಹೊಗಳಿದ್ದರು. ನಾನೂ ಇಷ್ಟ ಎಂದುಬಿಟ್ಟಿದ್ದೆ. ಕೇಳುತ್ತಾ ಕೇಳುತ್ತಾ, ಒಗ್ಗರಣೆ ಹಾಕುವಾಗಲೂ ಅದನ್ನೇ ಗುನುಗುವಷ್ಟು ಹಚ್ಚಿಕೊಂಡೆ.

ವಿಚ್ಛೇದನವಾದ ಮೇಲೆ ಸಾಮಾನು ಹಂಚಿಕೊಳ್ಳುವಾಗ ಸಿ.ಡಿ.ಗಳ ಡಬ್ಬವನ್ನು ಅವರತ್ತ ತಳ್ಳಿದೆ.

"ತಗೊಳ್ಳಿ, ನಿಮ್ಮ ಪ್ರಾಣ ಅಲ್ವಾ ಇದು."

"ನನ್ನದಾ? ನಿನಗೋಸ್ಕರ ಹಲ್ಲು ಕಚ್ಕೊಂಡು ಕೇಳಿದ್ದು ನಾನು. ಈಗ ಇದಿಲ್ಲದೆ ಊಟ ಸೇರಲ್ಲ, ಅದು ಬೇರೆ ಮಾತು."

"ಮತ್ತೆ ಅವತ್ತು ಹೊಗಳಿದ್ದು?"

"ಇಬ್ರೂ ಒಳಗೆ ಹೋಗಿ ಮಾತಾಡ್ಕೊಳ್ಳಿ ಅಂತ ನಿಮ್ಮಪ್ಪ ಕಳಿಸಿದ್ರಲ್ಲ, ನಿನ್ನ ರೂಮಿನ ಗೋಡೆ ತುಂಬ ಆ ಬ್ಯಾಂಡಿನ ಪೋಸ್ಟರೇ ಇತ್ತು."

ನಾನು ಡಬ್ಬದ ಮುಚ್ಚಳ ಹಾಕಿದೆ.

"ಅದು ನನ್ನ ತಮ್ಮನ ರೂಮು."