ಪಾರ್ಸರ್ ನುಂಗಿದ ಹೆಸರು

ಪಾರ್ಸರ್ ಮತ್ತೆ ಆ ಹೆಸರನ್ನು ನುಂಗಿತ್ತು.

ರಾಮದುರ್ಗದ ಕಾಲೇಜಿನ ಲ್ಯಾಬಿನಲ್ಲಿ ಸಂಘಮಿತ್ರಾ ಪರದೆಯನ್ನೇ ದಿಟ್ಟಿಸಿದಳು. ಕನ್ನಡದಲ್ಲೇ ಪ್ರೋಗ್ರಾಂ ಬರೆಯಲೆಂದು ಅವಳು ಕಟ್ಟಿದ ಭಾಷೆ. ಬರೆದ ಸಾಲನ್ನು ನಿಯಮದಂತೆ ಬಿಡಿಸಿ ಓದುವುದು ಪಾರ್ಸರಿನ ಕೆಲಸ. ಮುನವಳ್ಳಿಯ ಹೆಂಗಸರ ತರಗತಿಯಿಂದ ಮೊದಲ ಪಾಠ ಬಂದಿತ್ತು: ಮನೆಯವರ ಹೆಸರು ತೋರಿಸುವ ಪ್ರೋಗ್ರಾಂ. ಊರು ಬಂತು, ಅತ್ತೆ ಬಂದಳು. ‘ಗಂಡ’ ಎಂಬಲ್ಲಿ ಖಾಲಿ. ಅಲ್ಲಿಗೇ ಎಲ್ಲ ನಿಂತಿತು.

“ನಿನ್ನ ನಿಯಮದಾಗ ತಪ್ಪದ,” ಎಂದರು ವಿಭಾಗದ ಮುಖ್ಯಸ್ಥ ರಘೋತ್ತಮ. “ಇವತ್ತ ಸರಿ ಆಗಲಿಲ್ಲಂದ್ರ ಬ್ಯಾರೆಯವರಿಗೆ ಕೊಡತೇನಿ. ನಿನಗ ಇಲ್ಲಿ ಕೆಲಸಿಲ್ಲ.”

“ಬರದವರ ತಪ್ಪಿರಬಹುದಲ್ರಿ, ಸರ್?”

“ಅಲ್ಲಿ ಕಲಸೂದು ಡಾಕ್ಟರ್ ಸುಚೇತಾ. ತಿಳೀತಿಲ್ಲೋ?”

ಉದ್ಧರಣ ಚಿಹ್ನೆಯ ನಿಯಮ ತಿದ್ದಿದಳು. ಖಾಲಿ ಜಾಗದ ನಿಯಮ ತಿದ್ದಿದಳು. ಅದೇ ಹಾಡು. ಆಗ ಹೊಳೆಯಿತು. ಗಂಡನ ಹೆಸರು! ಹಳೆ ಕಾಲದ ಹೆಂಗಸರು ಅದನ್ನು ಎತ್ತುವುದುಂಟೇ? ನಗುತ್ತಲೇ ಮುನವಳ್ಳಿ ಬಸ್ಸು ಹತ್ತಿದಳು.

ಮುಖ್ಯಸ್ಥರು ತನ್ನನ್ನು ಕೆಲಸದಿಂದ ತೆಗೆಯುತ್ತೇನೆಂದ ಸಂಗತಿಯನ್ನು ಸುಚೇತಾ ಮೇಡಂಗೆ ಹೇಳಿ, ತನ್ನ ಅನುಮಾನವನ್ನೂ ಹೇಳಿದಳು.

“ಇರಬಹುದು. ಮೂಢನಂಬಿಕಿ ಬಿಡ್ರಿ ಅಂತ ದಿನಾ ಹೇಳತೀನಿ ಇವರಿಗೆ,” ಎಂದರು ಮೇಡಂ.

ತರಗತಿಯ ಹಿರಿಯಳು ಮುದಕವ್ವ ಗಹಗಹಿಸಿ ನಕ್ಕಳು. “ಬಾಯೀಲೆ ಅನಬಾರದು, ತಂಗಿ. ಬೆರಳಿಗೇನ ಬ್ಯಾನಿ?” ಒಂದೊಂದೇ ಕೀಲಿ ಒತ್ತಿ ‘ಕಾಡಪ್ಪ’ ಎಂದು ಬರೆದಳು. “ಇನ್ನ ಬೇಕಾದಾಗ ಅಳಸಾಕೂ ಬರ್ತೈತಿ ನನಗ!”

ಪ್ರೋಗ್ರಾಂ ಓಡಿತು. ಪಕ್ಕದವಳದೂ ಓಡಿತು. ಎಲ್ಲರದೂ.

“ಹಂಗಾರ ಲ್ಯಾಬಿಗೆ ಬಂದದ್ದು ಯಾರದು?”

“ನಮ್ದ್ಯಾಕ ಕಳಸ್ತಾರ? ಮೇಡಮ್ಮೋರು ಮಾದರಿ ಬರದಿದ್ರಲ್ಲ, ಅದು.”

ಸಂಘಮಿತ್ರಾ ಕುರ್ಚಿ ಎಳೆದುಕೊಟ್ಟಳು. “ಒಮ್ಮೆ ನನ್ನ ಮುಂದ ಬರೀರಿ, ಮೇಡಂ.”

ಸುಚೇತಾರ ಬೆರಳು ಸರಸರ ಓಡಿದವು. ಊರು. ಅತ್ತೆ. ‘ಗಂಡ’ ಎಂಬಲ್ಲಿ ಏನೂ ಬರೆಯದೆ ಮುಂದಿನ ಸಾಲಿಗೆ ಜಿಗಿದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಕಿವಿಯವರೆಗೂ ಕೆಂಪಾದರು.

“ಅಲ್ಲಿ ನೀನ ಹಾಕವಾ,” ಎಂದರು ಮೆಲ್ಲಗೆ. “ನಿನ್ನ ಕೆಲಸದಿಂದ ತಗೀತೀನಿ ಅಂದಾರಲ್ಲ, ಅವರದು.”