ಇಲ್ಲ ಎನ್ನಲು ಕಲಿತ ಲಿನಕ್ಸ್

ಹಾಸನದ ಕಾಲೇಜು ಲ್ಯಾಬಿನಲ್ಲಿ ಅನ್ವಿತಾಳ ಲ್ಯಾಪ್‌ಟಾಪ್ ಕಾದು ಮೂರನೇ ಸಲ ಆರಿಹೋಯಿತು. ಫ್ಯಾನೇ ತಿರುಗುತ್ತಿಲ್ಲ, ಪ್ರಾಜೆಕ್ಟ್ ನೋಡುವ ಪರೀಕ್ಷಕರು ಪಕ್ಕದ ಮೇಜಿಗೆ ಬಂದಾಗಿತ್ತು.

“ಗೊತ್ತಾಯ್ತು ಮೇಡಂ!” ಅನ್ವಿತಾ ಲ್ಯಾಬ್ ನೋಡಿಕೊಳ್ಳುವ ಅಂಬುಜಮ್ಮನತ್ತ ತಿರುಗಿ ಕೂಗಿಯೇಬಿಟ್ಟಳು. “ಆನ್ ಆಗೋವಾಗ ಮೆಷೀನು ‘ನೀನು ವಿಂಡೋಸ್ ವಿಸ್ಟಾನಾ?’ ಅಂತ ಕೇಳುತ್ತೆ. ವಿಂಡೋಸ್ ಬದ್ಲು ನಾನು ಹಾಕಿರೋ ಲಿನಕ್ಸ್ ಮರ್ಯಾದೆಗೆ ಹೂಂ ಅನ್ನುತ್ತೆ. ಸರಿ, ಫ್ಯಾನ್ ಇದೇ ನೋಡ್ಕೊಳ್ಳುತ್ತೆ ಅಂತ ಮೆಷೀನು ಸುಮ್ನಾಗುತ್ತೆ. ಲಿನಕ್ಸ್‌ಗೆ ಆ ಕೆಲ್ಸ ಬರೋದೇ ಇಲ್ಲ!”

“ಹಸಿದಿದ್ರೂ ತಿಂಡಿ ಆಯ್ತು ಅನ್ನೋರ ಹಂಗೆ,” ಎಂದರು ಅಂಬುಜಮ್ಮ.

ಲಿನಕ್ಸ್‌ನಿಂದ ‘ವಿಸ್ಟಾ ಅಲ್ಲ’ ಎಂದು ಹೇಳಿಸುವ ಒಂದು ಸಾಲಿನ ಆದೇಶ ಸೇರಿಸಿ ಅನ್ವಿತಾ ಮತ್ತೆ ಆನ್ ಮಾಡಿದಳು. ಅಂಬುಜಮ್ಮ ಲ್ಯಾಪ್‌ಟಾಪಿನ ಪಕ್ಕಕ್ಕೆ ಅಂಗೈ ಹಿಡಿದರು. ಬಿಸಿಗಾಳಿ ಭರ್ರನೆ ಬಡಿಯಿತು.

“ತಿರುಗ್ತು ಕಣೇ!”

ಪರೀಕ್ಷಕರು ಮೆಚ್ಚಿ ಮುಂದೆ ಹೋದ ಮೇಲೆ ಅಂಬುಜಮ್ಮ ತಮ್ಮ ಡಬ್ಬಿ ತೆರೆದರು. “ಬೆಳಿಗ್ಗೆ ಕೇಳ್ದಾಗ ಆಯ್ತು ಅಂದ್ಯಲ್ಲ, ಈಗ ನಿಜ ಹೇಳು. ತಿಂಡಿ ಆಯ್ತಾ?”

ಅನ್ವಿತಾ ನಕ್ಕುಬಿಟ್ಟಳು. “ಇಲ್ಲ ಮೇಡಂ.”