ಸಿಂಚನಾಳಿಗೆ ಸಿಕ್ಕ ಕೆಲಸ

ಮನೆಯಲ್ಲಿ ಸಣ್ಣ ಮಕ್ಕಳಿರುವವರು ಇದನ್ನೊಮ್ಮೆ ನಿಧಾನವಾಗಿ ಓದಿ...

ರಾಣೆಬೆನ್ನೂರಿನ ಒಂದು ಫಿಸಿಯೋಥೆರಪಿ ಸೆಂಟರ್. ಹೊರಗಿನ ಬೆಂಚಿನ ಮೇಲೆ ಮಗಳನ್ನು ತೊಡೆಯಲ್ಲಿ ಕೂರಿಸಿಕೊಂಡ ಶೈಲಜಾ, ಒಳಗೆ ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದಳು...

ಮಗಳು ಸಿಂಚನಾಗೆ ನಾಲ್ಕು ವರ್ಷ. ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಬಿಗಿಯುವ ಸ್ಥಿತಿ. ಎಡಗಾಲು ಬಿಗಿ, ಎಡಗೈ ಸದಾ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡೇ ಇರುತ್ತಿತ್ತು.

ದಿನಾ ಮನೆಯಲ್ಲಿ ವ್ಯಾಯಾಮ ಮಾಡಿಸಬೇಕು. ಒಂದು ದಿನವೂ ತಪ್ಪಿಸದ ಶೈಲಜಾ, ತಮ್ಮನ ಮದುವೆಗೆಂದು ತವರಿಗೆ ಹೋದವಳು ಎರಡು ವಾರ ಪೂರ್ತಿ ಬಿಟ್ಟುಬಿಟ್ಟಿದ್ದಳು.

ನನ್ನಿಂದಾಗಿ ಕೈ ಮತ್ತೆ ಬಿಗಿದುಕೊಂಡಿದ್ದರೆ...? ಮುಟ್ಟಿ ನೋಡಲೂ ಅವಳಿಗೆ ಭಯ.

"ಬರ್ರಿ ಮದುವಿ ಮಂದಿ," ಥೆರಪಿಸ್ಟ್ ಜೀನತ್ ಮೇಡಂ ನಕ್ಕರು. "ವ್ಯಾಯಾಮ ಮಾಡ್ಸಿದ್ರಿಲ್ಲ?"

"ಮಾಡ್ಸೇನ್ರಿ ಮೇಡಂ... ದಿನಾ."

"ಇಲ್ಲ," ಎಂದಳು ಸಿಂಚನಾ. "ಅವ್ವ ಮೆಹಂದಿ ಹಚ್ಕೊಂಡಿದ್ಲು."

ಮೇಡಂ ಮೂಲೆಯಲ್ಲಿದ್ದ ದೊಡ್ಡ ಚೆಂಡನ್ನು ತೋರಿಸಿ, "ಅದನ್ನ ಕೊಡವ್ವ" ಎಂದರು. ಯಾವಾಗಲೂ ಅದನ್ನು ಬಲಗೈಯಿಂದ ತಳ್ಳಿ ಸುಮ್ಮನಾಗುವ ಮಗು...

ಸಿಂಚನಾ ಮಂಡಿಯೂರಿ ಎದ್ದಳು. ಎದೆಗಂಟಿದ್ದ ಎಡಗೈ ಮೆಲ್ಲಗೆ ಬಿಚ್ಚಿತು...

ಎರಡೂ ಕೈಯಲ್ಲಿ ಚೆಂಡು ಹಿಡಿದು, ಸೊಂಟ ತಿರುಗಿಸಿ, "ತಗೋರಿ, ಲಗೂನ" ಎಂದು ಅವಸರ ಮಾಡುತ್ತ ಚಾಚಿದಳು.

"ಎಷ್ಟು ತಿಂಗಳಿಂದ ಇದನ್ನ ಬೇಡಾಕತ್ತಿದ್ದೆ ನಾನು..." ಮೇಡಂ ದನಿ ಸಣ್ಣದಾಯಿತು. "ಏನ್ ಮಾಡ್ಸಿದ್ರಿ? ಬ್ಯಾರೆ ತಾಯಂದಿರಿಗೂ ಹೇಳ್ತೀನಿ."

ಶೈಲಜಾಳ ಕಣ್ಣು ತುಂಬಿತು. "ಏನೂ ಮಾಡ್ಸಿಲ್ರಿ... ಸುಳ್ಳ ಹೇಳಿದೆ."

"ನಾ ಕಾಯಿ ಕೊಟ್ನಿ," ಎಂದಳು ಸಿಂಚನಾ.

ಆಗ ಶೈಲಜಾ ಎಲ್ಲ ಹೇಳಿದಳು... ಮದುವೆ ಮನೆಯಲ್ಲಿ ತಾಂಬೂಲದ ಚೀಲ ತುಂಬುವಾಗ ಶೈಲಜಾಳ ಸೋದರತ್ತೆ ಗಂಗವ್ವ ಮಗುವನ್ನು ಕರೆದಿದ್ದರು. "ಏ ಹುಡುಗಿ, ಸುಮ್ನ ಕುಂತೀಯಲ್ಲ, ಮೂಟಿಯಿಂದ ತೆಂಗಿನಕಾಯಿ ತಗದ್ ಕೊಡ ಬಾ."

"ಆಕಿ ಕೈಲೆ ಆಗಂಗಿಲ್ಲ ಅತ್ತಿ..."

"ಆಗದಿದ್ರ ಬೀಳ್ತೈತಿ. ಕಾಯಿಗೇನ್ ನೋವಾಗ್ತೈತಾ?"

ಸಣ್ಣ ಮಕ್ಕಳ ಒಂದೇ ಕೈಗೆ ತೆಂಗಿನಕಾಯಿ ದಕ್ಕುವುದಿಲ್ಲ... ಬಿತ್ತು. ಉರುಳಿತು. ಉಳಿದ ಮಕ್ಕಳು ನಕ್ಕರು, ಅವಳೂ ನಕ್ಕಳು. ಆಮೇಲೆ ಎಡಗೈಯೂ ಬಂತು.

ಮೂಟೆ ಖಾಲಿಯಾದಂತೆ ಮಂಡಿಯೂರಿ ಎದ್ದು ಬಗ್ಗಬೇಕಾಯಿತು. ಮರುದಿನ ಬಾಳೆಎಲೆ ಒರೆಸಲು ಕರೆದರು, ಆಮೇಲೆ ದಿಂಬು ಎಳೆದು ತರಲು... ಊರಿಗೆ ಹೊರಡುವವರೆಗೂ ಅವಳಿಗೆ ಬಿಡುವೇ ಇರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಶೈಲಜಾ ಅದನ್ನು ಬರೀ ಆಟವೆಂದುಕೊಂಡಿದ್ದಳು; ಅದೇ ವ್ಯಾಯಾಮವಾಗಿತ್ತೆಂದು ಈಗಷ್ಟೇ ಹೊಳೆಯಿತು.

ಮೇಡಂ ಜೋರಾಗಿ ನಕ್ಕರು. "ಸ್ಟ್ರೆಚಿಂಗ್ ಬಿಡಬ್ಯಾಡ್ರಿ, ಇವತ್ತ ಮತ್ತ ಶುರು ಮಾಡ್ರಿ. ಆದ್ರ ಆಕಿಗೆ ಕೆಲಸಾನೂ ಹೇಳ್ರಿ. ತಾನ ಬೇಕಂತ ಮಾಡಿದ್ರ ಮೈ ಲಗೂ ಕಲೀತೈತಿ. ಮತ್ತ ನಿಮ್ಮತ್ತಿ ನಂಬರ್ ಕೊಡ್ರಿ, ಇಲ್ಲೇ ಕೆಲಸಕ್ಕ ಇಟ್ಕೊಂತೀನಿ."

ಅಳುತ್ತಲೇ ಶೈಲಜಾ ನಕ್ಕುಬಿಟ್ಟಳು... ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗೆ.

ಹೊರಡುವಾಗ ಶೈಲಜಾಳ ಕೈ ತಾನಾಗಿಯೇ ಬ್ಯಾಗಿನ ಕಡೆ ಹೋಯಿತು. ತಡೆದುಕೊಂಡಳು.

"ಸಿಂಚನಾ, ಅವ್ವನ ಬ್ಯಾಗ್ ತಗದ್ ಕೊಡು."

ಎರಡೂ ಕೈಯಲ್ಲಿ ಬ್ಯಾಗ್ ಎತ್ತಲು ಸಿಂಚನಾಳಿಗೆ ಹೊತ್ತು ಹಿಡಿಯಿತು... ಬಸ್ಸು ಹೋದರೆ ಹೋಗಲಿ ಎಂದು ಶೈಲಜಾ ಕೈ ಚಾಚಿಕೊಂಡೇ ನಿಂತಳು.

ನಾವು ನೋಡಿಕೊಂಡರಷ್ಟೇ ಸಾಲದು, ತಾನೂ ಈ ಮನೆಗೆ ಬೇಕು ಎಂದು ಮಗುವಿಗೆ ಗೊತ್ತಾಗಬೇಕು.

ನಿಮ್ಮ ಮನೆಯ ಮುಂದಿನ ಕಾರ್ಯದಲ್ಲಿ, ಮೂಲೆಯಲ್ಲಿ ಕೂತ ಮಗುವಿಗೆ ನೀವು ಯಾವ ಕೆಲಸ ಕೊಡುತ್ತೀರಿ...?